ಗುಡ್ಡ ಹತ್ತಿದ ಸಜ್ಜಿ ರೊಟ್ಟಿ

ಆಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆಗಳು ಕಡಿಮೆ, ಬಯಲು ಜಾಸ್ತಿ. ರವಿವಾರ ಬೆಳಗಾದರೆ ಒಂದಿಷ್ಟು ಗಂಡಸರು ಆ ಬಯಲಲ್ಲಿ ಸೇರಿ ನಡೆಯಲು ಹೋಗುತ್ತಿದ್ದರು. ಎಲ್ಲಿಗೆ ಎಂದರೆ ಎಲ್ಲಿಗೂ ಇಲ್ಲ. ಹೋಗುವುದು, ತಿರುಗಿ ಬರುವುದು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಿಳಿಯಲೇ ಇಲ್ಲ. ನಮ್ಮೂರಲ್ಲಿ ಹೊಲಕ್ಕೆ ನಡೆಯುತ್ತಿದ್ದರು, ಸಂತೆಗೆ ನಡೆಯುತ್ತಿದ್ದರು, ಹೆಣದ ಹಿಂದೆ ನಡೆಯುತ್ತಿದ್ದರು. ಸುಮ್ಮನೆ ನಡೆಯುವುದಕ್ಕೆ ಒಂದು ಸಂಘ ಮಾಡಿ, ಅದಕ್ಕೊಬ್ಬ ಅಧ್ಯಕ್ಷರನ್ನು ಕೂಡಿಸಿದ್ದನ್ನು ನಾನು ಇಲ್ಲಿಯೇ ಕಂಡದ್ದು. ಓಣಿಯವರು ಅದನ್ನು ವಾಕಿಂಗ್ ಕ್ಲಬ್ಬು ಎನ್ನುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡನೂ ಅದರಲ್ಲಿದ್ದರು.

ವರ್ಷಕ್ಕೊಮ್ಮೆ ಮಾತ್ರ ಆ ಕ್ಲಬ್ಬಿನವರು ಒಂದು ಕಡೆಗೆ ಅಂತ ಹೋಗುತ್ತಿದ್ದರು. ಸಂಕ್ರಮಣದ ದಿನ, ಚಳಿಯಲ್ಲಿ, ಉಣಕಲ್ ಕೆರೆ ದಾಟಿ ಅದರಾಚೆಯ ಗುಡ್ಡಕ್ಕೆ. ಅವತ್ತು ಮನೆ ಮಂದಿಯೆಲ್ಲ ಬರುತ್ತಿದ್ದರು. ಮೇಲೆ ಊಟ. ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಗಟ್ಟಿ ಮೊಸರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಹೆಂಗಸರು, ಮಕ್ಕಳು, ಪಲ್ಯದ ಪಾತ್ರೆ, ಮೊಸರಿನ ಗಡಿಗೆ ಎಲ್ಲ ಎತ್ತಿನ ಗಾಡಿಯಲ್ಲಿ. ಗಾಡಿಗಳು ಗುಡ್ಡದ ಹಿಂದಿನ ದಾರಿ ಹಿಡಿದು ಸುತ್ತಿ ಬರುತ್ತಿದ್ದವು.

ಆದರೆ ಸಜ್ಜಿ ರೊಟ್ಟಿ ಗಾಡಿ ಹತ್ತುವಂತಿರಲಿಲ್ಲ. ಒಣಗಿಸಿದ ಕಡಕ್ ರೊಟ್ಟಿ ಅದು, ಗಾಡಿ ಒಂದು ಸಲ ಕುಪ್ಪಳಿಸಿದರೆ ಹಿಟ್ಟಾಗುತ್ತದೆ. ಹಾಗಾಗಿ ಮನೆಗೊಬ್ಬ ಗಂಡಸು ತಮ್ಮ ಮನೆಯ ರೊಟ್ಟಿ ಬುಟ್ಟಿ ಹೊತ್ತು ನಡೆದು ಗುಡ್ಡ ಹತ್ತಬೇಕು. ಮೇಲೆ ಎಲ್ಲರ ಎದುರಿಗೆ ಬುಟ್ಟಿ ಬಿಚ್ಚುತ್ತಿದ್ದರು. ಯಾರ ಮನೆಯ ರೊಟ್ಟಿ ಮುರಿಯದೆ ಬಂದಿದೆಯೋ ಆ ಬುಟ್ಟಿಗೆ ಚೆಂಡು ಹೂವಿನ ಮಾಲೆ, ಮೊದಲ ಊಟ ಅದರಿಂದ. ಹೆಂಗಸರು ಗಾಡಿಯಲ್ಲಿ, ರೊಟ್ಟಿ ಕಾಲುನಡಿಗೆಯಲ್ಲಿ. ಕ್ಲಬ್ಬಿನ ಪದ್ಧತಿ ಅದು.

ಆ ಮಾಲೆ ವರ್ಷ ವರ್ಷವೂ ನಮ್ಮ ಅತ್ತೆಗೇ ಬರುತ್ತಿತ್ತು. ಅವರ ರೊಟ್ಟಿ ವೀಳ್ಯದೆಲೆಯಷ್ಟು ತೆಳ್ಳಗೆ. ಅದನ್ನು ಹೊರುವವರು ನನ್ನ ಗಂಡ. ಅವರು ಎಮ್ಮೆ ನಡೆದ ಹಾಗೆ ನಡೆಯುವವರು, ಮನೆಗೆ ಬೆಂಕಿ ಬಿದ್ದರೂ ಓಡುವವರಲ್ಲ. ರೊಟ್ಟಿಗೆ ಅದೇ ಬೇಕಾಗಿತ್ತು.

ನಾನು ಕಲಘಟಗಿ ಕಡೆಯವಳು. ಅಲ್ಲಿ ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಸಾಲಿ ಎರಡನೇ ಇಯತ್ತೆಗೆ ಬಿಟ್ಟೆ, ರೊಟ್ಟಿ ಬಡಿಯುವುದನ್ನು ಕಲಿಯಲೇ ಇಲ್ಲ. ಅತ್ತೆ ನನಗೆ ಅಕ್ಕಿ ಚೀಲ ಅಂತ ಹೆಸರಿಟ್ಟಿದ್ದರು.

“ಏ ಅಕ್ಕಿ ಚೀಲ, ನಿಮ್ಮವ್ವ ನಿನಗ ಏನ್ ಕಲಿಸ್ಯಾಳ? ಗಂಜಿ ಬಸಿಯೂದಷ್ಟನ?”

“ಹೌದ್ರಿ ಅತ್ತಿ, ಅದನ್ನ ಛಲೋ ಕಲಿಸ್ಯಾಳ” ಎನ್ನುತ್ತಿದ್ದೆ. ಮತ್ತೇನು ಹೇಳಲಿ? ಖರೇ ಮಾತು.

ಮುಸುರೆ ತಿಕ್ಕುವುದು, ನೀರು ಹೊರುವುದು, ಸಗಣಿ ಬಳಿಯುವುದು ನನ್ನ ಪಾಲಿಗೆ. ರೊಟ್ಟಿ ಸುಡುವ ಹಂಚಿನ ಮುಂದೆ ಕೂಡಲು ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಹಂಚಿನ ಮುಂದೆ ಕೂತವರ ಮಾತು ನಡೆಯುತ್ತಿತ್ತು. ಯಾರಿಗೆ ಎಷ್ಟು ಬಡಿಸಬೇಕು, ಯಾರು ಯಾವಾಗ ಉಣ್ಣಬೇಕು, ಎಲ್ಲ ಅವರ ಕೈಯಲ್ಲಿ. ನಾನು ಕೊನೆಗೆ ಉಣ್ಣುತ್ತಿದ್ದೆ, ತಣ್ಣಗಾದದ್ದನ್ನು.

ನಾನು ಬಂದ ಎರಡನೆಯ ಸಂಕ್ರಮಣಕ್ಕೆ ಕೆಲವೇ ದಿನ ಮುಂಚೆ ಅತ್ತೆಯ ಬಲಗೈ ಮೇಲೆ ಕುದಿಯುವ ನೀರು ಬಿತ್ತು. ಅಂಗೈಯೆಲ್ಲ ಬೊಬ್ಬೆ. ನನಗೆ ಅಯ್ಯೋ ಅನಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನು ಹಂಚು ನನ್ನ ಕಡೆ ಬಂತು ಅನಿಸಿತು, ಅಷ್ಟೆ.

ಸಂಕ್ರಮಣದ ಹಿಂದಿನ ದಿನ ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡು ಮಣೆಯ ಮೇಲೆ ಕೂತರು, ನಾನು ಒಲೆಯ ಮುಂದೆ. ಬಿಸಿನೀರು ಹಾಕಿ ಸಜ್ಜೆ ಹಿಟ್ಟು ನಾದಿದೆ, ಬಡಿದೆ. ತೆಳ್ಳಗೆ ಮಾಡಲು ಹೋದರೆ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದೆ, ಮತ್ತೆ ಹರಿಯಿತು. ಸಜ್ಜೆ ಹಿಟ್ಟಿಗೆ ಜಿಗುಟು ಇಲ್ಲ, ಕೈ ಬಿಟ್ಟ ಕಡೆ ಬಾಯಿ ಬಿಡುತ್ತದೆ. ಬಡಿಯುತ್ತಾ ಬಡಿಯುತ್ತಾ ನನಗೆ ಒಂದು ಗೊತ್ತಾಯಿತು. ಹರಿಯುವ ಮುಂಚೆ ನಿಲ್ಲಿಸಿದರೆ ರೊಟ್ಟಿ ಇಡಿಯಾಗಿ ಏಳುತ್ತದೆ. ಹಾಗೆ ನಿಲ್ಲಿಸಿದೆ. ಸ್ವಲ್ಪ ದಪ್ಪ ಆಯಿತು. ಸ್ವಲ್ಪ ಏನು, ದಪ್ಪವೇ ಆಯಿತು.

ಅತ್ತೆ ಒಂದನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಇದು ರೊಟ್ಟಿ ಏನವಾ? ಸಗಣಿ ಕುಳ್ಳು ತಟ್ಟೀಯಲ್ಲ! ಇದನ್ನ ಹೊತಗೊಂಡು ಹೋದ್ರ ಮಂದಿ ಒಲಿಗೆ ಹಾಕ್ತಾರ.”

“ಒಲಿಗೆ ಹಾಕಿದ್ರ ಉರೀತೈತಿ ಬಿಡ್ರಿ, ಛಳಿ ಐತಿ” ಎಂದೆ.

ಅವರಿಗೆ ಸಿಟ್ಟು ಬಂತು. ಬಟ್ಟೆ ಸುತ್ತಿದ ಕೈಯನ್ನೇ ನನ್ನ ಮುಖದ ಮುಂದೆ ಆಡಿಸುತ್ತಾ ಹೇಳಿದರು. “ನಗಿ ಬ್ಯಾಡ. ನಾಳೆ ಗುಡ್ಡದ ಮ್ಯಾಲ ಈ ರೊಟ್ಟಿ ಚೂರಾಗಿ ನನ್ನ ಮರ್ಯಾದಿ ಹೋತಂದ್ರ, ನರಗುಂದದಿಂದ ನನ್ನ ತಂಗಿನ್ನ ಕರಸ್ತೀನಿ. ಹಂಚು ಅಕೀ ಕೈಯಾಗ. ನೀ ಆಮ್ಯಾಲೆ ಹಂಚು ಮುಟ್ಟಬ್ಯಾಡ, ಮುಸುರಿ ತಿಕ್ಕಿಕೊಂತ ಇರು.”

ಇದು ಬರಿಯ ಬೆದರಿಕೆ ಅಲ್ಲ. ಆ ತಂಗಿಯನ್ನು ನನ್ನ ಮದುವೆಯಲ್ಲಿ ನೋಡಿದ್ದೆ. ಮಂದಿ ಉಣ್ಣುವಾಗ ಬಾಯಿ ನೋಡುತ್ತಾ ನಿಲ್ಲುವ ಹೆಂಗಸು. ಗಂಡ ಸತ್ತವಳು, ಮಕ್ಕಳಿಲ್ಲ, ಎಲ್ಲಿಯಾದರೂ ಒಂದು ಒಲೆ ಸಿಗುವುದನ್ನೇ ಕಾಯುತ್ತಿದ್ದಳು. ಬಂದರೆ ಹೋಗುವವಳಲ್ಲ. ಇಬ್ಬರು ಅತ್ತೆಯರ ಕೈ ಕೆಳಗೆ ಜೀವಮಾನ ತೆಗೆಯಬೇಕು.

ಸಂಕ್ರಮಣದ ಬೆಳಿಗ್ಗೆ ಎದ್ದರೆ ನನ್ನ ಗಂಡ ಹಾಸಿಗೆಯಲ್ಲಿಯೇ ಕೂತು ಅಂಗಾಲು ಹಿಡಿದುಕೊಂಡು ನರಳುತ್ತಿದ್ದರು. ನಾಲ್ಕು ದಿನದಿಂದ ಸಣ್ಣಗೆ ಇದ್ದ ಕುರು ನಿಂಬೆಹಣ್ಣಿನಷ್ಟಾಗಿತ್ತು. ನೆಲಕ್ಕೆ ಕಾಲು ಊರಿದರೆ ಯಪ್ಪಾ ಎನ್ನುತ್ತಿದ್ದರು.

ಅತ್ತೆ ನೋಡಿದರು. ನನ್ನ ಕಡೆ ತಿರುಗಿ, “ಆತಲ್ಲ, ಬುಟ್ಟಿ ಹೊರವರಿಲ್ಲ. ಈ ವರ್ಷ ನಮ್ಮ ಬುಟ್ಟಿ ಇಲ್ಲಂತ ಹೇಳಿ ಬರ್ತೀನಿ. ಛಲೋನ ಆತು, ನಿನ್ನ ಕುಳ್ಳು ಮಂದಿ ನೋಡೂದು ತಪ್ಪಿತು. ಹಂಗ ನರಗುಂದಕ್ಕೂ ಹೇಳಿ ಕಳಸ್ತೀನಿ” ಎಂದರು.

ರೊಟ್ಟಿ ಮುರಿದರೂ ನಾನು ಸೋತೆ, ಹೋಗದಿದ್ದರೂ ಸೋತೆ ಎಂದಾಯಿತು.

“ನಾ ಹೊರ್ತೇನ್ರಿ” ಎಂದೆ.

“ನೀ? ಗಂಡಸರ ಕೂಡ? ಗುಡ್ಡಕ್ಕ?”

“ದಿನಾ ನೀರು ಹೊರೂದಿಲ್ಲೇನ್ರಿ? ರೊಟ್ಟಿ ನೀರಿಗಿಂತ ಹಗುರ.”

ಹಾಸಿಗೆಯಿಂದ ನನ್ನ ಗಂಡ ಬಾಯಿ ಹಾಕಿದರು. “ಹೋಗ್ಲಿ ಬಿಡವಾ. ಕ್ಲಬ್ಬಿನಾಗ ಮನಿಗೊಬ್ಬರು ಅಂತೈತಿ. ಗಂಡಸ ಆಗಬೇಕಂತ ಯಾರೂ ಅಂದಿಲ್ಲ.” ನಮ್ಮ ಮದುವೆಯಾದ ಮೇಲೆ ಅವರು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಕುರು ಆಡಿಸಿತೋ ಏನೋ.

ಅತ್ತೆ ಬೇಡ ಎನ್ನಲಿಲ್ಲ. ಬೀಳುವವಳು ಎಲ್ಲರೆದುರು ಬಿದ್ದರೆ ಮುಗಿದೇ ಹೋಯಿತು ಎಂದು ಲೆಕ್ಕ ಹಾಕಿರಬೇಕು. ಗಾಡಿ ಹತ್ತಿ ಹೋದರು.

ನಾನು ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟೆ. ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ, ರೊಟ್ಟಿ ಜೋಡಿಸಿ, ಮೇಲೆ ಕಟ್ಟಿದೆ. ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಬುಟ್ಟಿ ಹೊತ್ತುಕೊಂಡು ಕ್ಲಬ್ಬಿನವರು ಸೇರುವ ಆಲದ ಮರದ ಕೆಳಗೆ ಹೋದೆ. ಗಂಡಸರು ಮಫ್ಲರು, ಕೋಟು ಹಾಕಿಕೊಂಡು ಬುಟ್ಟಿಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. 

ಅಧ್ಯಕ್ಷರು ಸಾಲಿ ಮಾಸ್ತರಕಿ ಮಾಡಿ ನಿವೃತ್ತರಾದವರು. ಕೈಯಲ್ಲಿ ಬೆತ್ತ, ತಲೆಗೆ ಬಿಳಿ ಟೊಪ್ಪಿಗೆ. “ತಂಗಿ, ಗಾಡಿ ಹೋಗಿಬಿಟ್ಟುವಲ್ಲ” ಎಂದರು, ನಾನು ದಾರಿ ತಪ್ಪಿ ಬಂದಿದ್ದೇನೆ ಅನ್ನುವ ಹಾಗೆ.

“ಗಾಡಿಗೆ ಬಂದಿಲ್ರಿ. ಇವರ ಕಾಲಿಗೆ ಕುರು ಆಗೈತಿ. ನಮ್ಮ ಮನಿ ಬುಟ್ಟಿ ನಾ ಹೊರ್ತೇನಿ.”

ಪಕ್ಕದಲ್ಲಿ ಒಬ್ಬ ಅರಳೆ ವ್ಯಾಪಾರಿ ಇದ್ದರು, ಹೊಟ್ಟೆ ಮುಂದೆ, ತಾವು ಹಿಂದೆ. “ಅಲ್ರಿ ಅಧ್ಯಕ್ಷರ, ಇವತ್ತು ಅಕಿ ಬರ್ತಾಳ, ನಾಳೆ ನಮ್ಮಕಿನೂ ಬರ್ತೀನಂತಾಳ. ಆಮ್ಯಾಲೆ ನಾವ್ ಎಲ್ಲಿ ಹೋಗೂಣ್ರಿ?” ಎಂದರು. ಎಲ್ಲರೂ ನಕ್ಕರು.

“ಗಾಡ್ಯಾಗ ಹೋಗ್ರಿ, ಜಾಗಾ ಖಾಲಿ ಇರ್ತೈತಿ” ಎಂದೆ. ಆಗ ಇನ್ನೂ ಜೋರಾಗಿ ನಕ್ಕರು, ವ್ಯಾಪಾರಿಯನ್ನು ನೋಡಿ.

ಅಧ್ಯಕ್ಷರು ಗಡ್ಡ ಕೆರೆದುಕೊಂಡರು. “ಬಾರವಾ. ಆದ್ರ ಹಿಂದ ಉಳದ್ರ ಯಾರೂ ನಿಲ್ಲೂದಿಲ್ಲ. ಎಲ್ಲಾರ ಕಡೀಕ ನಡಿ.”

ಆ ವರ್ಷ ಕ್ಲಬ್ಬಿಗೆ ಹೊಸದಾಗಿ ಒಬ್ಬ ಡ್ರಿಲ್ ಮಾಸ್ತರರು ಸೇರಿದ್ದರು. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಕ್ಲಬ್ಬಿನವರು ಕುರಿಹಿಂಡಿನ ಹಾಗೆ ನಡೆಯುತ್ತಾರೆ, ಇದಕ್ಕೊಂದು ಶಿಸ್ತು ಬೇಕು ಎಂದು ಹಟ ಹಿಡಿದು, ತಿಂಗಳಿಂದ ಎಲ್ಲರಿಗೂ ಹೆಜ್ಜೆ ಹಾಕುವುದನ್ನು ಕಲಿಸಿದ್ದರಂತೆ. ಸಂಕ್ರಮಣದ ದಿನ ಅದನ್ನು ತೋರಿಸಬೇಕಲ್ಲ. ಸೀಟಿ ಊದಿದರು. ಎಲ್ಲ ಗಂಡಸರೂ ಸಾಲಾಗಿ ನಿಂತು ಎಡಗಾಲು ಬಲಗಾಲು ಒಟ್ಟಿಗೆ ಎತ್ತಿ ಒಟ್ಟಿಗೆ ಕುಕ್ಕಿದರು. ದಪ್, ದಪ್, ದಪ್. ರಸ್ತೆಯ ಮೇಲೆ ಧೂಳೆದ್ದಿತು. ನೋಡಲು ಛಂದ ಇತ್ತು, ಅದರಲ್ಲಿ ಸುಳ್ಳಿಲ್ಲ.

ನನಗೆ ಆ ಹೆಜ್ಜೆ ಬರುತ್ತಿರಲಿಲ್ಲ. ಮಾಸ್ತರರು ಹಿಂದೆ ತಿರುಗಿ, “ಅವ್ವಾರ, ಸ್ಟೆಪ್ ಹಾಕ್ರಿ, ಸ್ಟೆಪ್!” ಎಂದು ಕೂಗಿದರು.

“ನಂಗ ನಡಿಯಾಕಷ್ಟ ಬರ್ತೈತ್ರಿ” ಎಂದೆ.

ಧಾರವಾಡದ ರಸ್ತೆ ಹಿಡಿದು ಹೊರಟೆವು. ಚಳಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎರಡೂ ಕಡೆ ಕುಸುಬೆ ಹೂ ಬಿಟ್ಟಿತ್ತು, ಜೋಳ ತೆನೆ ಹಿಡಿದು ನಿಂತಿತ್ತು. ಉಣಕಲ್ ಕೆರೆಯ ಮೇಲೆ ಹೊಗೆ ಎದ್ದ ಹಾಗೆ ಮಂಜು. ಏರಿಯ ಮೇಲೆ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ಗಂಡಸರ ಪಡೆಯನ್ನು ನೋಡಿದರು. ಪಡೆ ಇನ್ನೂ ಜೋರಾಗಿ ಕಾಲು ಕುಕ್ಕಿತು. ನಾನು ಬಹಳ ಹಿಂದೆ ಬಿದ್ದಿದ್ದೆ. ಓಡಿ ಅವರನ್ನು ಹಿಡಿಯೋಣವೇ ಎಂದು ಒಮ್ಮೆ ಅನಿಸಿತು. ತಲೆಯ ಮೇಲಿನದು ನೆನಪಾಗಿ ಓಡಲಿಲ್ಲ. ಗುಡ್ಡ ಎಲ್ಲಿಗೂ ಓಡಿ ಹೋಗುವುದಿಲ್ಲವಲ್ಲ.

ಗುಡ್ಡದ ಬುಡಕ್ಕೆ ನಾನು ಬಂದಾಗ ಅವರು ಅರ್ಧ ಏರಿದ್ದರು. ಅಲ್ಲಿಯೂ ಸೀಟಿ. ಏರಿನಲ್ಲಿಯೂ ಎಡಾ-ಬಲಾ. ಅವರ ಕಾಲ ಕೆಳಗಿನ ಹರಳು ಜಾರಿ ನನ್ನ ಕಡೆಗೇ ಉರುಳಿ ಬರುತ್ತಿದ್ದವು. ಬರಿಗಾಲಲ್ಲಿ ಬೆರಳೂರಿ ಊರಿ ಹತ್ತಿದೆ. ಅರ್ಧಕ್ಕಿಂತ ಮೇಲೆ ಒಂದು ಕಡೆ ಬಂಡೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಬಲಗಾಲು ಜಾರಿತು. ಮೊಣಕಾಲು ಹೋಗಿ ಕಲ್ಲಿಗೆ ಬಡಿಯಿತು. ಎರಡೂ ಕೈಯಿಂದ ಬುಟ್ಟಿ ಹಿಡಿದೆ, ನನ್ನನ್ನು ಹಿಡಿದುಕೊಳ್ಳಲಿಲ್ಲ. ಪಟ್ ಎಂದು ಏನೋ ಮುರಿದ ಸದ್ದಾಯಿತು.

ಹಾಗೆಯೇ ಮೊಣಕಾಲ ಮೇಲೆ ಕೂತೆ. ಕಾಲಿನಿಂದ ರಕ್ತ ಬರುತ್ತಿತ್ತು, ಅದರ ಕಡೆ ನೋಡಲಿಲ್ಲ. ಕೆಳಗೆ ನೋಡಿದರೆ ಕಲ್ಲಿನ ಮೇಲೆ ಹಸಿರು ಬಳೆಯ ಚೂರು ಬಿದ್ದಿತ್ತು. ಮುರಿದದ್ದು ಬಳೆ. ಬಳೆ ಒಂದೇ ಮುರಿಯಿತೋ, ಮೇಲೂ ಮುರಿಯಿತೋ? ಬಿಚ್ಚಿ ನೋಡುವ ಹಾಗಿಲ್ಲ, ದಾರಿಯಲ್ಲಿ ಗಂಟು ಬಿಚ್ಚಿದರೆ ಆ ಬುಟ್ಟಿ ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು. ನರಗುಂದದವಳ ಮುಖ ಕಣ್ಣ ಮುಂದೆ ಬಂತು. ಎದ್ದೆ. ಉಳಿದ ಏರನ್ನು ಬೈಯುತ್ತಾ ಹತ್ತಿದೆ. ಕಲ್ಲಿಗೆ ಬೈದೆ, ಸೀಟಿಗೆ ಬೈದೆ, ಕುರುವಿಗೂ ಬೈದೆ.

ಮೇಲೆ ಗಾಡಿಯ ಹೆಂಗಸರು ಆಗಲೇ ಬಂದು ಜಮಖಾನೆ ಹಾಸಿದ್ದರು. ಬುಟ್ಟಿಗಳೆಲ್ಲ ಸಾಲಾಗಿ ಇದ್ದವು. ನಾನು ನನ್ನದನ್ನು ಕೊನೆಗೆ ಇಟ್ಟೆ. ಅತ್ತೆ ನನ್ನ ಮೊಣಕಾಲು ನೋಡಿದರು, ಬಳೆ ಒಡೆದ ಮುಂಗೈ ನೋಡಿದರು.

“ಬಿದ್ದೇನು?”

“ಕೂತೆ.”

“ಹಬ್ಬದ ದಿನ ಬಳಿ ಒಡಕೊಂಡು ಬಂದಾಳ, ಇನ್ನ ರೊಟ್ಟಿ ಏನ್ ಉಳಿದಿರ್ತಾವ” ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ನನ್ನಿಂದ ಸ್ವಲ್ಪ ದೂರ ಹೋಗಿ ಕೂತರು.

ಅಧ್ಯಕ್ಷರು ಮೊದಲ ಬುಟ್ಟಿಯ ಗಂಟು ಬಿಚ್ಚಿದರು. ಅರಳೆ ವ್ಯಾಪಾರಿಯದು. ಒಳಗೆ ಕೈ ಹಾಕಿ ತೆಗೆದರೆ ಮುಷ್ಟಿ ತುಂಬ ನುಚ್ಚು ಬಂತು. ಎಲ್ಲರೂ ಹೋ ಎಂದರು. ವ್ಯಾಪಾರಿಯ ಹೆಂಡತಿ ಗಂಡನ ಕಡೆ ತಿರುಗಿ, “ನಿನ್ನಿ ನಸೀಕಲೆ ಎದ್ದು ಬಡಿದೇನ್ರಿ! ನಡಕೊಂತ ಬಂದ್ರೋ, ಕುಣಕೊಂತ ಬಂದ್ರೋ?” ಎಂದರು. ಎರಡನೆಯದು ಬಿಚ್ಚಿದರು, ಅದೂ ನುಚ್ಚು. ಮೂರನೆಯದು ಕಾಲುಭಾಗ ಇಡಿ, ಉಳಿದದ್ದು ಚೂರು. ಆಮೇಲೆ ಯಾರೂ ನಗಲಿಲ್ಲ. ಎಲ್ಲ ಹೆಂಗಸರೂ ತಮ್ಮ ತಮ್ಮ ಗಂಡಸರ ಕಡೆ ನೋಡುತ್ತಿದ್ದರು. ಗಂಡಸರೆಲ್ಲ ಡ್ರಿಲ್ ಮಾಸ್ತರರ ಕಡೆ ನೋಡುತ್ತಿದ್ದರು. ಮಾಸ್ತರರು ತಮ್ಮ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೆರೆಯ ಕಡೆ ನೋಡುತ್ತಿದ್ದರು. ಎಲ್ಲರೂ ಕಾಲು ಕುಕ್ಕಿ ಕುಕ್ಕಿ ಊರ ರೊಟ್ಟಿಯನ್ನೆಲ್ಲ ಎದೆಯ ಮೇಲೇ ಬೀಸಿ ತಂದಿದ್ದರು.

ಕೊನೆಗೆ ನನ್ನ ಬುಟ್ಟಿ. ಅಧ್ಯಕ್ಷರು ಗಂಟು ಬಿಚ್ಚಿದರು. ಮೇಲಿನ ರೊಟ್ಟಿ ತೆಗೆದು ಎತ್ತಿ ಹಿಡಿದರು. ಇಡಿ. ಅದರ ಕೆಳಗಿನದು, ಇಡಿ. ಒಂದೊಂದೇ ತೆಗೆದು ಜಮಖಾನೆಯ ಮೇಲೆ ಇಡುತ್ತಾ ಹೋದರು. ತಳದ ರೊಟ್ಟಿಯ ಅಂಚಿನಲ್ಲಿ ಇಲಿ ಕಚ್ಚಿದಷ್ಟು ಜಾಗ ಹೋಗಿತ್ತು, ಅಷ್ಟೇ. ಹುಣ್ಣಿಮೆಯ ಚಂದ್ರನ ಹಾಗೆ ಅನ್ನುತ್ತಾರಲ್ಲ, ಹಾಗೇನೂ ಇರಲಿಲ್ಲ. ಕರ್ರಗೆ, ದಪ್ಪಗೆ, ಗಟ್ಟಿಮುಟ್ಟಾಗಿ ಕೂತಿದ್ದವು.

ವ್ಯಾಪಾರಿಯ ಹೆಂಡತಿಗೆ ತಡೆಯಲಾಗಲಿಲ್ಲ. ಒಂದನ್ನು ಎತ್ತಿ ಬೆರಳಿಂದ ಬಾರಿಸಿದರು. “ಅಯ್ಯ, ಇದು ರೊಟ್ಟಿನೋ ಕುಂದ್ರೂ ಕಟ್ಟಿಗಿ ಮಣಿನೋ? ಇಷ್ಟು ದಪ್ಪ ಇದ್ರ ಆನಿ ತುಳದ್ರೂ ಮುರಿಯೂದಿಲ್ಲ! ಇದು ಲೆಕ್ಕಕ್ಕ ಹಿಡಿಯೂದಲ್ರಿ.”

ಕೆಲವರು ಹೌದು ಹೌದು ಎಂದರು. ಅವರು ಹೇಳಿದ್ದು ಖರೇ ಇತ್ತು. ನಾನು ಜಾಣತನದಿಂದ ದಪ್ಪ ಮಾಡಿದವಳಲ್ಲ, ತೆಳ್ಳಗೆ ಮಾಡಲು ಬಾರದ್ದಕ್ಕೆ ದಪ್ಪವಾದದ್ದು.

ಅಷ್ಟರಲ್ಲಿ ನಮ್ಮ ಅತ್ತೆ ಎದ್ದು ನಿಂತರು. ಈಗ ಹೇಳುತ್ತಾರೆ, ನಾನು ಮೊದಲೇ ಹೇಳಿದ್ದೆ ಇವು ಕುಳ್ಳು ಎಂದು, ಅಂದುಕೊಂಡೆ. ಆದರೆ ಅವರಿಗೆ ನನ್ನ ಮೇಲಿನ ಸಿಟ್ಟಿಗಿಂತ ವ್ಯಾಪಾರಿಯ ಹೆಂಡತಿಯ ಮೇಲಿನ ಸಿಟ್ಟು ಹಳೆಯದು, ಈ ಮಾಲೆಯ ಸಲುವಾಗಿಯೇ ಹುಟ್ಟಿದ್ದು.

“ಏನವಾ, ದಪ್ಪ ಇದ್ರ ಏನಾತು? ಮುರೀಬಾರ್ದು ಅಂತೈತಿ, ತೆಳ್ಳಗಿರ್ಬೇಕು ಅಂತ ಎಲ್ಲೈತಿ? ನಿಂದು ತೆಳ್ಳಗಿತ್ತಲ್ಲ, ಚಮಚ ತಗೊಂಡು ಉಣ್ಣು! ಗುಡ್ಡ ಹತ್ತೋ ರೊಟ್ಟಿ ಹಿಂಗ ಇರಬೇಕು. ನಮ್ಮ ಮನಿ ರೊಟ್ಟಿ ಇದು!”

ಅಧ್ಯಕ್ಷರು ಎರಡೂ ಕಡೆ ಕೈ ಎತ್ತಿದರು. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಎಲ್ಲರೂ ಅವರ ದವಡೆ ನೋಡುತ್ತಾ ನಿಂತೆವು. ನುಂಗಿದ ಮೇಲೆ, “ಹಲ್ಲಿಗೆ ಕೆಲಸ ಐತಿ. ರುಚಿ ಐತಿ. ಮುರದಿಲ್ಲ. ಮಾಲಿ ಈ ಬುಟ್ಟಿಗೆ” ಎಂದರು.

ಮಾಲೆ ತಂದು ನನ್ನ ಬುಟ್ಟಿಗೆ ಸುತ್ತಿದರು. ಗದ್ದಲ, ಚಪ್ಪಾಳೆ. ಅತ್ತೆ ಬಂದವರಿಗೆಲ್ಲ ನಮ್ಮ ಮನಿ ರೊಟ್ಟಿ, ನಮ್ಮ ಮನಿ ರೊಟ್ಟಿ ಅಂತ ಹೇಳುತ್ತಾ ನಿಂತಿದ್ದರು. ಈಗ ಕೇಳದಿದ್ದರೆ ಮುಂದೆ ಯಾವತ್ತೂ ಕೇಳಲಾರೆ ಅನಿಸಿತು. ಅಷ್ಟೂ ಮಂದಿಯ ನಡುವೆ ದೊಡ್ಡ ದನಿಯಲ್ಲಿಯೇ ಕೇಳಿದೆ.

“ಅತ್ತಿ, ಹಂಗಾರ ನರಗುಂದದ ಚಿಗವ್ವನ್ನ ಕರಸೂದು ಬ್ಯಾಡಲ್ರಿ?”

ಅತ್ತೆ ನನ್ನನ್ನು ನೋಡಿದರು. ವ್ಯಾಪಾರಿಯ ಹೆಂಡತಿ ಕಿವಿ ನಿಮಿರಿಸಿಕೊಂಡು ಅತ್ತೆಯನ್ನು ನೋಡಿದರು.

“ಅಕಿನ್ನ ಯಾಕ ಕರಸ್ಲಿ?” ಎಂದರು ಅತ್ತೆ, ಇನ್ನೂ ದೊಡ್ಡ ದನಿಯಲ್ಲಿ. “ನಮ್ಮ ಮನ್ಯಾಗ ರೊಟ್ಟಿ ಬಡಿಯವರು ಇಲ್ಲೇನು? ನನ್ನ ಸೊಸಿ ಅದಾಳ, ಬಡೀತಾಳ.”

ಸೊಸಿ ಎಂದರು. ಅಕ್ಕಿ ಚೀಲ ಎನ್ನಲಿಲ್ಲ. ಅಷ್ಟು ಮಂದಿ ಕೇಳಿದ ಮಾತು, ಮನೆಗೆ ಹೋಗಿ ತಿರುಗಿಸುವ ಹಾಗಿರಲಿಲ್ಲ, ತಿರುಗಿಸಲೂ ಇಲ್ಲ. ನರಗುಂದದವಳು ಯುಗಾದಿಗೆ ಬಂದಳು, ನಾನು ಬಡಿಸಿದ್ದನ್ನು ಉಂಡಳು, ಹೋದಳು.

ಅವತ್ತು ಗುಡ್ಡದ ಮೇಲೆ ನನ್ನ ರೊಟ್ಟಿಯ ಮೇಲೆ ಬದನೆಕಾಯಿ ಹಾಕಿಕೊಂಡು ಉಂಡವರೆಲ್ಲ ಮತ್ತೆ ಮತ್ತೆ ಕೈ ಚಾಚಿದರು. ನುಚ್ಚನ್ನು ಮೊಸರಿನಲ್ಲಿ ಕಲಸಿ ಮಕ್ಕಳಿಗೆ ಕೊಟ್ಟರು. ನಾನೂ ಎಲ್ಲರ ಜೊತೆಯಲ್ಲಿಯೇ ಕೂತು ಬಿಸಿಲು ಕಾಯಿಸಿಕೊಳ್ಳುತ್ತಾ ಹೊಟ್ಟೆ ತುಂಬ ಉಂಡೆ.

ಇಳಿಯುವಾಗ ಅಧ್ಯಕ್ಷರು, “ತಂಗಿ, ಮೊಣಕಾಲು ಕೆತ್ತೈತಿ, ಗಾಡಿ ಹತ್ತು” ಎಂದರು.

“ನಡಕೊಂತ ಬಂದೇನಿ, ನಡಕೊಂತ ಹೋಗ್ತೇನ್ರಿ.”

“ಹಂಗಾರ ಮುಂದ ನಡಿ” ಎಂದರು. ಡ್ರಿಲ್ ಮಾಸ್ತರರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಮಾಲೆ ಹಾಕಿದ ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಾನು ಮುಂದೆ, ಆ ಮಫ್ಲರು ಕೋಟಿನವರೆಲ್ಲ ನನ್ನ ಹಿಂದೆ. ಹೆಜ್ಜೆ ನನ್ನದು. ಮೊಣಕಾಲು ನೋಯುತ್ತಿತ್ತು, ನಿಧಾನ ಇಳಿದೆ. ಅವರೂ ನಿಧಾನ ಇಳಿದರು.

ಉಣಕಲ್ ಊರೊಳಗೆ ಹಾಯ್ದು ಬರುವಾಗ ಹೆಂಗಸರು ಬಾಗಿಲಿಗೆ ಬಂದು ನಿಂತರು. ಹೂವಿನ ಬುಟ್ಟಿ, ಹಿಂದೆ ಗಂಡಸರ ಸಾಲು ನೋಡಿ ಒಬ್ಬ ಮುದುಕಿ ಕೈ ಮುಗಿದು ಕೇಳಿದಳು, “ಯವ್ವಾ, ಯಾವ ದೇವರ ಬುಟ್ಟಿ ಅದು?”

“ದೇವರದಲ್ಲ ಬೇ, ನಂದು” ಎಂದು ಹೇಳಿ ಮುಂದೆ ನಡೆದೆ.